ವಿದ್ಯಾರ್ಥಿ ಕಿರುಚಿತ್ರಕ್ಕೆ ಲೊಕೇಶನ್: ಮೊದಲು ಕಿವಿ, ಆಮೇಲೆ ಕಣ್ಣು

ನಿಮ್ಮ ಪ್ರಶ್ನೆ: 10 ನಿಮಿಷದ ಕಿರುಚಿತ್ರ, 6 ಜನರ ತಂಡ, ಶೂಟಿಂಗಿಗೆ 2 ದಿನ. ಕಥೆಗೆ ಒಂದು ಮನೆ, ಒಂದು ತಾರಸಿ, ಒಂದು ಬೀದಿ ಬೇಕು. ಇವನ್ನು ಹೇಗೆ ಆರಿಸೋದು, ಮೊದಲೇ ಏನೇನು ತಯಾರಿ ಮಾಡಿಕೊಳ್ಳೋದು?

ನೋಡೋಕೆ ಚೆನ್ನಾಗಿದೆ ಅಂತ ಜಾಗ ಒಪ್ಪಿಕೊಳ್ಳಬೇಡಿ. ಮೊದಲು ಕಿವಿಯಿಂದ ಆರಿಸಿ. ಗೋಡೆಯ ಬಣ್ಣ ಹಿಡಿಸದಿದ್ದರೆ ಒಂದು ಬಟ್ಟೆ ಇಳಿಬಿಡಬಹುದು, ಬೇಡದ ಬೀರುವನ್ನು ಫ್ರೇಮಿನಾಚೆ ಸರಿಸಬಹುದು. ಪಕ್ಕದ ಕಟ್ಟಡದಲ್ಲಿ ಟೈಲ್ಸ್ ಕತ್ತರಿಸುವ ಸದ್ದು ಮಾತಿನ ಜೊತೆ ಬೆರೆತುಹೋದರೆ ಎಡಿಟಿಂಗಿನಲ್ಲಿ ಅದನ್ನು ಬೇರ್ಪಡಿಸೋದು ಬಹಳ ಕಷ್ಟ. ಮಸುಕಾದ ಚಿತ್ರವನ್ನಾದರೂ ನೋಡುಗರು ಸಹಿಸುತ್ತಾರೆ, ಮಾತು ಕೇಳದ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಶೂಟಿಂಗ್ ಭಾನುವಾರ ಸಂಜೆ 4ಕ್ಕೆ ಅಂತಾದರೆ ಜಾಗ ನೋಡೋಕೂ ಭಾನುವಾರ ಸಂಜೆ 4ಕ್ಕೇ ಹೋಗಿ. ಬುಧವಾರ ಬೆಳಿಗ್ಗೆ ಮೌನವಾಗಿದ್ದ ಬೀದಿಯಲ್ಲಿ ಭಾನುವಾರ ಮಕ್ಕಳ ಕ್ರಿಕೆಟ್ ಇರಬಹುದು. ಮೊಬೈಲ್ ಸೈಲೆಂಟ್ ಮಾಡಿ, 3 ನಿಮಿಷ ಯಾರೂ ಮಾತಾಡದೆ ಕೂತುಕೊಳ್ಳಿ. ರೆಕಾರ್ಡರ್ ಇದ್ದರೆ ಹೆಡ್‌ಫೋನ್ ಹಾಕಿಕೊಂಡು ಆ 3 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಫ್ರಿಜ್ಜು, ನೀರಿನ ಪಂಪು, ಟ್ಯೂಬ್‌ಲೈಟಿನ ಚೋಕು, ಮೇಲಿನ ಮನೆಯವರು ಕುರ್ಚಿ ಎಳೆಯೋದು, ಇವೆಲ್ಲ ಬರಿಗಿವಿಗೆ ರೂಢಿಯಾಗಿ ಕೇಳಿಸದೇ ಹೋಗುತ್ತವೆ. ಹೆಡ್‌ಫೋನಿನಲ್ಲಿ ಎದ್ದು ಕೇಳುತ್ತವೆ.

ಆಮೇಲೆ ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಅಲ್ಲಿಗಲ್ಲಿಗೇ ನಿಂತರೆ ಒಳ್ಳೆಯ ಕೋಣೆ. ಬಾಲ ಎಳೆದುಕೊಂಡು ಮೊಳಗಿದರೆ ಬರಿ ಗೋಡೆ, ಬರಿ ನೆಲ ಮಾರ್ದನಿ ಕೊಡುತ್ತಿವೆ ಅಂತ ಅರ್ಥ. ದಪ್ಪ ರಗ್ಗು 3 ಸಾಕು: ಒಂದನ್ನು ಫ್ರೇಮಿಗೆ ಬೀಳದ ಕಡೆ ನೆಲಕ್ಕೆ ಹಾಸಿ, ಇನ್ನೆರಡನ್ನು ನಟರ ಮುಖ ತಿರುಗಿರುವ ಗೋಡೆಗೆ, ಅಂದರೆ ಕ್ಯಾಮೆರಾದ ಬೆನ್ನಿಗೆ ಇಳಿಬಿಡಿ. ಫ್ರಿಜ್ ಆಫ್ ಮಾಡಿದಾಗ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಹೊರಡುವಾಗ ಕೀಲಿ ತೆಗೆಯೋಕೆ ಬಾಗಿಲು ತೆರೆಯಲೇಬೇಕು, ಆಗ ಮತ್ತೆ ಆನ್ ಮಾಡೋದು ಮರೆಯೋದಿಲ್ಲ.

ಎರಡನೆಯದು ಕೋಣೆಯ ಉದ್ದ. ಬರಿಗಣ್ಣಿಗೆ ವಿಶಾಲವಾಗಿ ಕಂಡ ಕೋಣೆಯಲ್ಲಿ ಕ್ಯಾಮೆರಾ ಇಟ್ಟಾಗ ಹಿಂದೆ ಸರಿಯೋಕೆ ಜಾಗವೇ ಇರೋದಿಲ್ಲ. ಎಷ್ಟು ದೂರ ಬೇಕು ಅನ್ನುವ ಲೆಕ್ಕ ಸುಲಭ: ಫ್ರೇಮಿನಲ್ಲಿ ಬೇಕಾದ ಎತ್ತರವನ್ನು ಲೆನ್ಸಿನ ಫೋಕಲ್ ಲೆಂತಿನಿಂದ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ಗುಣಿಸಿ, ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ಎತ್ತರದಿಂದ ಭಾಗಿಸಿ. ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರಿನಲ್ಲಿ 16:9 ವಿಡಿಯೊ ತೆಗೆಯುವಾಗ ಆ ಎತ್ತರ ಸುಮಾರು 13 ಮಿ.ಮೀ. ತಲೆಯಿಂದ ಕಾಲಿನವರೆಗೆ ಕಾಣಬೇಕಾದರೆ ಫ್ರೇಮಿಗೆ 2 ಮೀಟರ್ ಎತ್ತರ ಬೇಕು. 35 ಮಿ.ಮೀ. ಲೆನ್ಸಿನಲ್ಲಿ ಅದಕ್ಕೆ ಸುಮಾರು 5.4 ಮೀಟರ್ ದೂರ ಬೇಕಾಗುತ್ತೆ. ಕ್ಯಾಮೆರಾ ಹಿಂದೆ ನಿಲ್ಲುವವರಿಗೆ ಮುಕ್ಕಾಲು ಮೀಟರ್, ನಟರ ಬೆನ್ನಿಗೂ ಗೋಡೆಗೂ ನಡುವೆ 1 ಮೀಟರ್ ಸೇರಿಸಿದರೆ 7 ಮೀಟರ್ ದಾಟುತ್ತೆ. ಅದೇ ಶಾಟಿಗೆ 24 ಮಿ.ಮೀ. ಲೆನ್ಸ್ ಹಾಕಿದರೆ ಒಟ್ಟು ಐದೂವರೆ ಮೀಟರಿಗೆ ಮುಗಿಯುತ್ತೆ. ನಟರನ್ನು ಗೋಡೆಗೆ ಒತ್ತಿ ನಿಲ್ಲಿಸಿ ಜಾಗ ಉಳಿಸೋಕೆ ಹೋಗಬೇಡಿ. ನೆರಳು ಗೋಡೆಯ ಮೇಲೆ ಬಿದ್ದು, ಚಿತ್ರ ಗುರುತಿನ ಚೀಟಿಯ ಫೋಟೊ ಥರ ಚಪ್ಪಟೆ ಕಾಣುತ್ತೆ.

ಬೆಳಕಿನ ವಿಷಯಕ್ಕೆ ಹೆಚ್ಚು ಸಮಯ ಕೊಡಿ. ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲಿನ ಅಂಚಿಗೆ ಮಾಸ್ಕಿಂಗ್ ಟೇಪಿನ ಒಂದು ತುಂಡು ಅಂಟಿಸಿ, ಅರ್ಧ ಗಂಟೆ ಬಿಟ್ಟು ಬಂದು ನೋಡಿ. ಬಿಸಿಲು ಟೇಪನ್ನು ಬಿಟ್ಟು ಎಷ್ಟು ದೂರ ಸರಿದಿದೆ ಅಂತ ಕಣ್ಣಾರೆ ಕಾಣುತ್ತೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ನಿಮ್ಮ ದೃಶ್ಯಕ್ಕಾಗಿ ಅದು ಕಾಯೋದಿಲ್ಲ. ಇಬ್ಬರು ಕೂತು ಮಾತಾಡುವ 2 ನಿಮಿಷದ ದೃಶ್ಯ ತೆಗೆಯೋಕೆ 3 ಗಂಟೆ ಹಿಡಿದರೆ, ಮೊದಲ ಶಾಟಿನಲ್ಲಿ ಮೇಜಿನ ಮೇಲಿದ್ದ ಬಿಸಿಲು ಕೊನೆಯ ಶಾಟಿನಲ್ಲಿ ಎಲ್ಲೋ ಇರುತ್ತೆ, ಕಟ್ ಆದ ಕೂಡಲೇ ಕಣ್ಣಿಗೆ ಹೊಡೆಯುತ್ತೆ. ಅದಕ್ಕೆ ನೇರ ಬಿಸಿಲು ಬೀಳದ ಕಿಟಕಿ ಇರುವ ಕೋಣೆಯೇ ಉತ್ತಮ. ಅದು ಸಿಗದಿದ್ದರೆ ಕಿಟಕಿಯ ಹೊರಗೆ ತೆಳು ಬಿಳಿ ಬಟ್ಟೆ ಕಟ್ಟಿ, ಕಿಟಕಿ ಕಾಣುವ ವೈಡ್ ಶಾಟುಗಳನ್ನೆಲ್ಲ ಮೊದಲು ಮುಗಿಸಿ, ಕ್ಲೋಸಪ್ಪುಗಳನ್ನು ನಿಮ್ಮದೇ ಲೈಟಿನಲ್ಲಿ ಆಮೇಲೆ ತೆಗೆಯಿರಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲ ಬೆಳಕು ಸುಮಾರು 5600, ಹಳದಿ ಬಲ್ಬು ಸುಮಾರು 3200ರ ಒಳಗೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಕಿತ್ತಳೆ. ಮನೆಯ ಬಲ್ಬು ಆಫ್ ಮಾಡಿ, ಇಲ್ಲವೇ ಕಿಟಕಿ ಮುಚ್ಚಿ.

ಹಾಗೇ ಆ ಮನೆಯ ಎಲ್ಇಡಿ ಮತ್ತು ಟ್ಯೂಬ್‌ಲೈಟಿನಡಿ ನಿಮ್ಮದೇ ಕ್ಯಾಮೆರಾದಲ್ಲಿ 20 ಸೆಕೆಂಡ್ ರೆಕಾರ್ಡ್ ಮಾಡಿ ನೋಡಿ. ಚಿತ್ರದಲ್ಲಿ ಅಡ್ಡ ಪಟ್ಟಿಗಳು ಹರಿದಾಡಿದರೆ ಶಟರ್ ವೇಗ (ಕ್ಯಾಮೆರಾ ಒಂದೊಂದು ಫ್ರೇಮಿಗೆ ಬೆಳಕು ಒಳಬಿಡುವ ಸಮಯ, ಸೆಕೆಂಡಿನಲ್ಲಿ) ಬದಲಿಸಿ: ವಿದ್ಯುತ್ 50 ಹರ್ಟ್ಸ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಅಗ್ಗದ ಎಲ್ಇಡಿಗಳು ಇದಕ್ಕೂ ಬಗ್ಗದಿರಬಹುದು, ಅಂಥವನ್ನು ಆಫ್ ಮಾಡೋದೇ ದಾರಿ.

ಕರೆಂಟಿನ ಲೆಕ್ಕವನ್ನು ಹೆಚ್ಚಿನವರು ಕಡೆಗಣಿಸುತ್ತಾರೆ. ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಆಂಪಿಯರ್: 1000 ವ್ಯಾಟಿನ ಲೈಟು 230 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತೆ, 120 ವೋಲ್ಟಿನಲ್ಲಿ 8.3. ಒಂದೊಂದೇ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್ಚು) ಆಫ್ ಮಾಡಿ ಯಾವ್ಯಾವ ಪ್ಲಗ್ ಪಾಯಿಂಟ್ ಸತ್ತಿತು ಅಂತ ಬರೆದುಕೊಳ್ಳಿ. ಎರಡು ದೊಡ್ಡ ಲೈಟನ್ನು ಒಂದೇ ಎಂಸಿಬಿಗೆ ಹಾಕಬೇಡಿ, ಇಸ್ತ್ರಿಪೆಟ್ಟಿಗೆ ಬೇರೆ ಕಡೆ ಇರಲಿ. ರೀಲಿಗೆ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿಕೊಂಡೇ ಇದ್ದರೆ ಶಾಖ ಹೊರಹೋಗೋಕೆ ದಾರಿಯಿಲ್ಲದೆ ವೈರಿನ ಹೊದಿಕೆ ಕರಗಬಹುದು.

ಈಗ ಮೂರು ಜಾಗದ ಮಾತು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಮಾನು ಕಟ್ಟಿ, ಸಾಗಿಸಿ, ಮತ್ತೆ ಬಿಚ್ಚಿ ಜೋಡಿಸೋಕೆ ಕಡಿಮೆಯೆಂದರೂ ಒಂದೂವರೆ ಗಂಟೆ ಬೇಕು. 2 ದಿನದಲ್ಲಿ ಹಾಗೆ ಮೂರು ಸಲ ಮಾಡಿದರೆ ಅರ್ಧ ದಿನವೇ ಹೋಯಿತು. ತಾರಸಿ ಇರುವ ಮನೆಯನ್ನೇ ಹುಡುಕಿ, ಅದರ ಮುಂದಿನ ಬೀದಿಯನ್ನೇ ಬಳಸಿ. ನಾನಾದರೆ ನೋಟ ಸ್ವಲ್ಪ ಕಡಿಮೆಯಾದರೂ ಮೂರೂ ಒಟ್ಟಿಗೆ ಇರುವ ಜಾಗವನ್ನೇ ಆರಿಸುತ್ತೇನೆ. ಮಳೆ ಬಂದರೆ ತಾರಸಿ ಬಿಟ್ಟು ಒಳಗಿನ ದೃಶ್ಯಕ್ಕೆ 10 ನಿಮಿಷದಲ್ಲಿ ಇಳಿಯಬಹುದು. ಶೌಚಾಲಯ, ಬಟ್ಟೆ ಬದಲಿಸೋಕೆ ಬಾಗಿಲು ಹಾಕಿಕೊಳ್ಳುವ ಕೋಣೆ, ಬ್ಯಾಟರಿ ಚಾರ್ಜಿಗೆ ಒಂದು ಮೂಲೆ, ಇವೂ ಅಲ್ಲೇ ಸಿಗುತ್ತವೆ.

ಅನುಮತಿ ಬಾಯಿಮಾತಲ್ಲಿ ಬೇಡ. ಒಂದೇ ಹಾಳೆ ಸಾಕು: ಯಾವ ದಿನ, ಎಷ್ಟರಿಂದ ಎಷ್ಟು ಗಂಟೆಯವರೆಗೆ, ಯಾವ ಕೋಣೆಗಳು, ಎಷ್ಟು ಜನ, ಏನಾದರೂ ಒಡೆದರೆ ಯಾರ ಹೊಣೆ, ಚಿತ್ರವನ್ನು ಸಾರ್ವಜನಿಕವಾಗಿ ತೋರಿಸೋಕೆ ಒಪ್ಪಿಗೆ. ಮನೆ ಬಾಡಿಗೆಯದಾದರೆ ಮಾಲೀಕರ ಸಹಿಯೂ ಇರಲಿ. ಅಕ್ಕಪಕ್ಕದವರಿಗೆ ಹಿಂದಿನ ದಿನವೇ ಹೋಗಿ ಹೇಳಿ. ಹೀಗೆ ಹೇಳಿದ್ದರೆ ಡ್ರಿಲ್ಲಿಂಗ್ ಕೆಲಸವನ್ನೇ ಮುಂದೂಡುವವರೂ ಇರುತ್ತಾರೆ. ಬೀದಿ ಯಾರ ಸುಪರ್ದಿಯಲ್ಲಿದೆಯೋ ಆ ಕಚೇರಿಯಲ್ಲಿ 2–3 ವಾರ ಮುಂಚೆ ವಿಚಾರಿಸಿ. ಆಟಿಕೆ ಬಂದೂಕು, ಚಾಕು, ಪೊಲೀಸ್ ಸಮವಸ್ತ್ರ ದೃಶ್ಯದಲ್ಲಿದ್ದರೆ ಪೊಲೀಸರಿಗೆ ತಿಳಿಸದೆ ಬೀದಿಗೆ ಇಳಿಯಲೇಬೇಡಿ. ದೂರದಿಂದ ನೋಡಿದವರಿಗೆ ಅದು ಸಿನಿಮಾ ಅಂತ ಗೊತ್ತಾಗೋದಿಲ್ಲ.

ಜಾಗ ಖಾತ್ರಿಯಾದ ಮೇಲೆ 1 ಮೀಟರಿಗೆ 2 ಸೆಂ.ಮೀ. ಅಳತೆಯಲ್ಲಿ ನಕ್ಷೆ ಬರೆದು, ಕ್ಯಾಮೆರಾ, ನಟರು, ಲೈಟು ಎಲ್ಲಿ ಅಂತ ಗುರುತು ಹಾಕಿ. ಶೂಟಿಂಗ್ ದಿನ ಏನನ್ನೂ ಮುಟ್ಟುವ ಮೊದಲು ಪ್ರತಿ ಕೋಣೆಯ ನಾಲ್ಕು ಮೂಲೆಯಿಂದ ಫೋಟೊ ತೆಗೆಯಿರಿ. ಮೇಜಿನ ಮೇಲಿನ ಚಿಲ್ಲರೆ ಸಾಮಾನಿಗೆ ಬೇರೆ ಹತ್ತಿರದ ಫೋಟೊ ಇರಲಿ. ಮನೆಯವರ ಕುಟುಂಬದ ಫೋಟೊ, ಬ್ರ್ಯಾಂಡಿನ ಹೆಸರಿರುವ ಡಬ್ಬಿ, ಸಿನಿಮಾ ಪೋಸ್ಟರ್ ಫ್ರೇಮಿನಿಂದ ತೆಗೆದಿಡಿ. ಕನ್ನಡಿ, ಟಿವಿ ಪರದೆ, ಗಾಜಿನ ಬೀರು ಯಾವ ಕೋನದಿಂದ ನಿಮ್ಮ ತಂಡವನ್ನು ತೋರಿಸುತ್ತವೆ ಅಂತ ಕ್ಯಾಮೆರಾ ಜಾಗದಲ್ಲೇ ನಿಂತು ನೋಡಿ. ಗೋಡೆಗೆ ಟೇಪ್ ಹಚ್ಚುವ ಮುನ್ನ ಬೀರುವಿನ ಹಿಂದೆ ಒಂದು ತುಂಡು ಅಂಟಿಸಿ, ಒಂದು ಗಂಟೆ ಬಿಟ್ಟು ಕಿತ್ತು ನೋಡಿ, ಬಣ್ಣ ಜೊತೆಗೇ ಬಂದರೆ ಆ ಗೋಡೆಗೆ ಟೇಪ್ ಬೇಡ. ಸ್ಟ್ಯಾಂಡಿನ ಕಾಲುಗಳಿಗೆ ಸೀಳಿದ ಟೆನಿಸ್ ಚೆಂಡು ಸಿಕ್ಕಿಸಿದರೆ ನೆಲ ಗೀಚೋದಿಲ್ಲ.

ಆ ಕೋಣೆಯ ಕೊನೆಯ ಶಾಟ್ ಆದಮೇಲೆ ಲೈಟು, ರಗ್ಗು, ಜನ ಎಲ್ಲ ಇದ್ದಲ್ಲೇ ಇರುವಾಗ 1 ನಿಮಿಷದ ಮೌನ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವಿನ ಕಟ್‌ಗಳನ್ನು ಎಡಿಟಿಂಗಿನಲ್ಲಿ ಹೊಲಿಯೋಕೆ ಆ ಕೋಣೆಯದೇ ಮೌನ ಬೇಕು, ರಗ್ಗು ತೆಗೆದ ಮೇಲೆ ಅದು ಬೇರೆಯಾಗಿಬಿಡುತ್ತೆ. ಆಮೇಲೆ ಬೆಳಗಿನ ಫೋಟೊ ಹಿಡಿದುಕೊಂಡು ಸಾಮಾನೆಲ್ಲ ಇದ್ದಲ್ಲಿಗೇ ಇಡಿ, ಫ್ರಿಜ್ಜಿನಿಂದ ಕೀಲಿ ತೆಗೆದುಕೊಳ್ಳಿ.