ಆರ್‌ಸಿ ಗಾಡಿಗೆ ಮೊದಲು ಹಿಡಿತ, ಆಮೇಲೆ ಮೋಟಾರ್

ನೀವು ಕೊಟ್ಟಿರುವ ವಿವರ ಇಷ್ಟು. ನಿಜ ಗಾಡಿಯ ಹತ್ತನೇ ಒಂದು (1:10) ಅಳತೆಯ ರಿಮೋಟ್ ಕಂಟ್ರೋಲ್ ಆಫ್-ರೋಡ್ ಟ್ರಕ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, 550 ಬ್ರಷ್ ಮೋಟಾರ್, 7.2 ವೋಲ್ಟಿನ ನಿಕಲ್ ಬ್ಯಾಟರಿ. ಓಡಿಸುವುದು ನೆಲಮಂಗಲದ ಕಡೆ ಒಂದು ಖಾಲಿ ಲೇಔಟಿನಲ್ಲಿ. ಕೈಯಲ್ಲಿ 15,000 ರೂಪಾಯಿ ಇದೆ, 3ಎಸ್, ಅಂದರೆ ಮೂರು ಸೆಲ್ ಬ್ಯಾಟರಿಯ, ಬ್ರಷ್‌ಲೆಸ್ ಮೋಟಾರ್ ಸೆಟ್ ಹಾಕಿಬಿಡಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಆ ದುಡ್ಡು ಮೊದಲು ಟೈರು, ಶಾಕ್ (ಶಾಕ್ ಅಬ್ಸಾರ್ಬರ್), ಬೇರಿಂಗ್, ಸರ್ವೋಗೆ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್) ಹೋಗಲಿ. ಮೋಟಾರ್ ಕೊನೆಗೆ ಬರಲಿ.

ಯಾಕೆ ಅಂತ ನಿಮ್ಮ ಪ್ರಶ್ನೆಯೇ ಹೇಳುತ್ತಿದೆ. ನೇರ ಹೋಗುವಾಗ ಚೆನ್ನಾಗಿದೆ, ತಿರುಗಿಸಿದರೆ ಹಿಂಭಾಗ ಜಾರಿ ಗಿರಗಿರ ಸುತ್ತುತ್ತದೆ, ಹಳ್ಳ ಬಂದರೆ ಎಗರಿ ಪಲ್ಟಿ ಹೊಡೆಯುತ್ತದೆ ಅಂತ ಬರೆದಿದ್ದೀರಿ. ಈಗ ಇರುವ ಶಕ್ತಿಯನ್ನೇ ಚಕ್ರಗಳು ನೆಲಕ್ಕೆ ಮುಟ್ಟಿಸುತ್ತಿಲ್ಲ. ಅದರ ಎರಡು ಪಟ್ಟು ಶಕ್ತಿ ಕೊಟ್ಟರೆ ಇನ್ನೂ ಬೇಗ ಸುತ್ತುತ್ತದೆ, ಇನ್ನೂ ಜೋರಾಗಿ ಪಲ್ಟಿ ಹೊಡೆಯುತ್ತದೆ, ಅಷ್ಟೇ. ಗಾಳಿಯಲ್ಲಿರುವ ಚಕ್ರಕ್ಕೆ ಎಷ್ಟು ಶಕ್ತಿ ಕೊಟ್ಟರೂ ಗಾಡಿ ಮುಂದೆ ಹೋಗಲ್ಲ, ಅಲ್ವಾ? ಆಫ್-ರೋಡ್ ಗಾಡಿಯಲ್ಲಿ ನಾಲ್ಕೂ ಚಕ್ರ ಎಷ್ಟು ಹೊತ್ತು ನೆಲದ ಮೇಲಿರುತ್ತವೆ ಅನ್ನುವುದರ ಮೇಲೇ ಎಲ್ಲ ನಿಂತಿದೆ.

ಟೈರಿಂದ ಶುರು ಮಾಡಿ. ನಮ್ಮ ಕಡೆಯ ಕೆಂಪು ಮಣ್ಣು ಬೇಸಿಗೆಯಲ್ಲಿ ಒಂದು ಥರ, ಮಳೆಗಾಲದಲ್ಲಿ ಇನ್ನೊಂದು ಥರ. ಜನವರಿಯಿಂದ ಏಪ್ರಿಲ್‌ವರೆಗೆ ಕೆಳಗೆ ಗಟ್ಟಿ ನೆಲ, ಮೇಲೆ ತೆಳ್ಳಗೆ ನುಣ್ಣನೆ ಧೂಳು, ನಡುನಡುವೆ ಬೆಣಚುಕಲ್ಲಿನ ಚೂರು. ಗಾಡಿ ಜೊತೆ ಬರುವ ಟೈರುಗಳ ರಬ್ಬರ್ ಸಾಮಾನ್ಯವಾಗಿ ಗಟ್ಟಿ. ಬೇಗ ಸವೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಅದು ಈ ಧೂಳಿನ ಮೇಲೆ ಸುಮ್ನೆ ಜಾರುತ್ತದೆ. ಹಿಂದಿನ ಚಕ್ರಕ್ಕೆ ಮೆತ್ತನೆ ರಬ್ಬರಿನ, ಸಣ್ಣ ಮುಳ್ಳು ಒತ್ತೊತ್ತಾಗಿರುವ ಟೈರ್ ತೆಗೆದುಕೊಳ್ಳಿ. ಮುಳ್ಳು ಧೂಳನ್ನು ಸರಿಸಿ ಕೆಳಗಿನ ಗಟ್ಟಿ ನೆಲ ಹಿಡಿಯಬೇಕು. ತುಂಬಾ ಉದ್ದದ ಮುಳ್ಳು ಗಟ್ಟಿ ನೆಲದಲ್ಲಿ ಮಡಚಿಕೊಳ್ಳುತ್ತದೆ, ಬೇಗ ಹರಿದೂ ಹೋಗುತ್ತದೆ. ಉದ್ದ ಮುಳ್ಳಿಗೆ ಮಳೆ ಬಿದ್ದ ಮೇಲಿನ ಸಡಿಲ ಮಣ್ಣೇ ಸರಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇದೇ ಮಣ್ಣು ಅಂಟಾಗಿ ಸಣ್ಣ ಮುಳ್ಳಿನ ಸಂದಿಯನ್ನೆಲ್ಲ ತುಂಬಿಬಿಡುತ್ತದೆ. ಆಗ ಮುಳ್ಳುಗಳ ನಡುವೆ ಜಾಗ ಜಾಸ್ತಿ ಇರುವ ಟೈರ್ ಬೇಕು. ಎರಡು ಜೊತೆ ಇಟ್ಟುಕೊಂಡರೆ ವರ್ಷಪೂರ್ತಿ ಓಡಿಸಬಹುದು.

ನಿಮ್ಮದು ಹಿಂದಿನ ಚಕ್ರದ ಗಾಡಿಯಾದ್ದರಿಂದ ಮುಂದಿನ ಟೈರಿನ ಕೆಲಸವೇ ಬೇರೆ. ಅದು ಎಳೆಯಬೇಕಿಲ್ಲ, ತಿರುಗಿಸಬೇಕು. ಸುತ್ತಲೂ ಉದ್ದುದ್ದ ಗೆರೆ ಇರುವ ರಿಬ್ ಟೈರ್ ಮುಂದೆ ಹಾಕಿದರೆ ಸ್ಟೀರಿಂಗ್ ಕೂಡಲೇ ಚುರುಕಾಗುತ್ತದೆ. ಆದರೆ ಹಿಂದಿನ ಹಿಡಿತ ಸರಿಯಾದ ಮೇಲೆ ಇದನ್ನು ಮಾಡಿ. ಮುಂದೆ ಮಾತ್ರ ಹಿಡಿತ ಜಾಸ್ತಿಯಾದರೆ ಹಿಂಭಾಗ ಇನ್ನೂ ಬೇಗ ಸುತ್ತುತ್ತದೆ.

ಟೈರನ್ನು ರಿಮ್ಮಿಗೆ ಅಂಟಿಸುವ ಕೆಲಸ ನಿಧಾನವಾಗಿ ಮಾಡಿ. ಟೈರಿನ ಅಂಚು, ರಿಮ್ಮಿನಲ್ಲಿ ಅದು ಕೂರುವ ಸಂದಿ ಎರಡನ್ನೂ ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಸೂಪರ್ ಗ್ಲೂ ಬಿಡಿ. ಅಚ್ಚಿನಿಂದ ಬಂದ ಎಣ್ಣೆ ಅಂಚಿನಲ್ಲಿ ಉಳಿದರೆ ಅಂಟು ಹಿಡಿಯಲ್ಲ. ಇನ್ನೊಂದು ವಿಷಯ: ರಿಮ್ಮಿನಲ್ಲಿ ಗಾಳಿ ಆಡಲು ತೂತು ಇರುತ್ತದೆ. ಕೆಸರಿನಲ್ಲಿ ಓಡಿಸಿದರೆ ಅಲ್ಲಿಂದಲೇ ನೀರು ಒಳಗೆ ಹೋಗಿ ಟೈರಿನೊಳಗಿನ ಫೋಮ್ ನೆನೆದು ಚಕ್ರ ಭಾರವಾಗುತ್ತದೆ. ಮಳೆಗಾಲಕ್ಕೆ ಇಟ್ಟುಕೊಂಡ ಟೈರುಗಳಲ್ಲಿ ರಿಮ್ಮಿನ ತೂತು ಮುಚ್ಚಿ, ಟೈರಿನ ಹೊರಮೈಯಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ಚಕ್ರ ತಿರುಗುವಾಗ ನೀರು ತಾನಾಗಿ ಹೊರಗೆ ಸಿಡಿಯುತ್ತದೆ.

ಮುಂದಿನದು ಶಾಕ್. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟದ ಕೆಲಸ ಇದೇ. ಇದಕ್ಕೆ ಜಾಸ್ತಿ ದುಡ್ಡೂ ಬೇಡ. ನಿಮ್ಮ ಶಾಕ್‌ನಲ್ಲಿ ಎಣ್ಣೆ ಇದೆಯಾ ಅಂತ ಮೊದಲು ಬಿಚ್ಚಿ ನೋಡಿ. ಅಗ್ಗದ ಗಾಡಿಗಳಲ್ಲಿ ಎಷ್ಟೋ ಸಲ ಸ್ಪ್ರಿಂಗ್ ಮಾತ್ರ ಇರುತ್ತದೆ, ಇಲ್ಲವೇ ಎಣ್ಣೆ ಅರ್ಧಕ್ಕೆ ಇಳಿದಿರುತ್ತದೆ. ಸ್ಪ್ರಿಂಗ್ ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಅದರ ಕುಣಿತವನ್ನು ನಿಲ್ಲಿಸುವುದು ಎಣ್ಣೆ. ಎಣ್ಣೆ ಇಲ್ಲದಿದ್ದರೆ ಹಳ್ಳದಿಂದ ಎದ್ದ ಗಾಡಿ ಮತ್ತೆ ಮತ್ತೆ ಎಗರುತ್ತದೆ. ನೀವು ಹೇಳಿದ ಪಲ್ಟಿಗೆ ನನಗೆ ಮೊದಲ ಅನುಮಾನ ಇದರ ಮೇಲೇ.

ಸಿಲಿಕೋನ್ ಶಾಕ್ ಆಯಿಲ್ ತೆಗೆದುಕೊಳ್ಳಿ. ಹಿಂದೆ 30 ವೇಟ್, ಮುಂದೆ 35 ವೇಟ್ ಹಾಕಿ ಶುರು ಮಾಡಬಹುದು. ವೇಟ್, ಸೆಂಟಿಸ್ಟೋಕ್ಸ್ ಎರಡೂ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ. 30 ವೇಟ್ ಅಂದರೆ ಹೆಚ್ಚುಕಡಿಮೆ 350 ಸೆಂಟಿಸ್ಟೋಕ್ಸ್. ಕಂಪನಿಯಿಂದ ಕಂಪನಿಗೆ ವೇಟ್ ಲೆಕ್ಕ ಬದಲಾಗುತ್ತದೆ, ಆದ್ದರಿಂದ ಬಾಟಲಿ ಮೇಲಿನ ಸೆಂಟಿಸ್ಟೋಕ್ಸ್ ಸಂಖ್ಯೆ ನೋಡಿ ಕೊಳ್ಳಿ. ಎಣ್ಣೆ ತುಂಬಿದ ಮೇಲೆ ಪಿಸ್ಟನ್ ಅನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರುವವರೆಗೆ ಬಿಡಿ. ಆಮೇಲೆ ಮುಚ್ಚಳ ಹಾಕಿ. ಈ ಹಂತದಲ್ಲಿ ಅವಸರ ಮಾಡಿದರೆ ಒಳಗೆ ಗಾಳಿ ಉಳಿದು ನಾಲ್ಕು ಶಾಕ್ ನಾಲ್ಕು ರೀತಿ ಕೆಲಸ ಮಾಡುತ್ತವೆ.

ಸರಿಯಾಗಿದೆಯಾ ಅಂತ ನೋಡಲು ಬ್ಯಾಟರಿ ಒಳಗಿಟ್ಟು, ಒಂದು ಅಡಿ ಎತ್ತರದಿಂದ ಗಾಡಿಯನ್ನು ಸಮವಾಗಿ ಬೀಳಿಸಿ. ಕೆಳಗೆ ಕೂತು, ಒಂದೇ ಸಲ ಮೇಲೆದ್ದು, ಸುಮ್ಮನಾಗಬೇಕು. ಚೆಂಡಿನ ಹಾಗೆ ಪುಟಿದರೆ ಎಣ್ಣೆ ದಪ್ಪ ಮಾಡಿ. ಎದ್ದೇಳಲು ತಡ ಮಾಡಿದರೆ ತೆಳು ಮಾಡಿ. ನೆಲದ ಮೇಲೆ ನಿಂತಾಗ ಹಿಂದಿನ ಡ್ರೈವ್ ಶಾಫ್ಟ್‌ಗಳು (ಚಕ್ರ ತಿರುಗಿಸುವ ಕಡ್ಡಿಗಳು) ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿರಲಿ. ಅಂಗಡಿಯಿಂದ ಬಂದ ಗಾಡಿಗಳಲ್ಲಿ ಸ್ಪ್ರಿಂಗ್ ಬಿಗಿ ಮಾಡಿ ತುಂಬಾ ಎತ್ತರ ಇಟ್ಟಿರುತ್ತಾರೆ. ನೋಡಲು ಚೆಂದ, ತಿರುವಿನಲ್ಲಿ ಪಲ್ಟಿ.

ಬೇರಿಂಗ್ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಚಕ್ರ ತಿರುಗುವ ಜಾಗದಲ್ಲಿ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಬುಶ್ (ಗುಂಡುಗಳಿಲ್ಲದ ಬರೀ ಬಳೆ) ಇದ್ದರೆ ಅದನ್ನು ಬಾಲ್ ಬೇರಿಂಗ್‌ಗೆ ಬದಲಾಯಿಸಿ. ಆರ್‌ಸಿ ಅಂಗಡಿಯ ಪ್ಯಾಕೆಟ್ಟೇ ಬೇಕಂತಿಲ್ಲ. ಇವೆಲ್ಲ ಕೈಗಾರಿಕೆಯಲ್ಲಿ ಬಳಸುವ ಸಾಮಾನ್ಯ ಅಳತೆಗಳೇ. 5×11×4 ಮಿ.ಮೀ. ಅಂದರೆ ಎಂಆರ್115, 5×10×4 ಅಂದರೆ ಎಂಆರ್105, 10×15×4 ಅಂದರೆ 6700. ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಸುತ್ತಮುತ್ತ ಬೇರಿಂಗ್ ಅಂಗಡಿಯಲ್ಲಿ ಈ ನಂಬರ್ ಹೇಳಿ ಕೇಳಿ. ಹಳೆಯ ಬುಶ್ ಜೇಬಿನಲ್ಲಿರಲಿ, ಅಳತೆ ನೋಡಿಕೊಳ್ಳಬಹುದು. 2ಆರ್‌ಎಸ್ ಅಂತ ಬರೆದಿರುವ ರಬ್ಬರ್ ಸೀಲಿನದ್ದನ್ನೇ ಕೇಳಿ. ಜೆಡ್‌ಜೆಡ್ ಅಂದರೆ ಲೋಹದ ಮುಚ್ಚಳ, ಅದರ ಸಂದಿಯಿಂದ ನಮ್ಮ ಕೆಂಪು ಧೂಳು ಒಳಗೆ ಹೋಗುತ್ತದೆ. ಬೇರಿಂಗ್ ಬದಲಾಯಿಸಿದ ಮೇಲೆ ಅದೇ ಮೋಟಾರ್, ಅದೇ ಬ್ಯಾಟರಿಯಲ್ಲಿ ಗಾಡಿ ಹಗುರವಾಗಿ ಓಡುತ್ತದೆ, ಮೋಟಾರ್ ಬಿಸಿಯಾಗುವುದೂ ಕಡಿಮೆ. ವೈರ್, ಸೋಲ್ಡರ್, ಬ್ಯಾಟರಿ ಜೋಡಿಸುವ ಎಕ್ಸ್‌ಟಿ60 ಕನೆಕ್ಟರ್ ಕೂಡ ಎಸ್‌ಪಿ ರೋಡಿನಲ್ಲೇ ಮುಗಿಸಿಕೊಂಡು ಬನ್ನಿ.

ಸರ್ವೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೋಹದ ಗೇರಿನ, ನೀರು ತಡೆಯುವ, 15 ಕೆಜಿ ಟಾರ್ಕ್‌ನ ಸರ್ವೋ ಸಾಕು. ಹಾರ್ನ್ (ಸರ್ವೋ ಮೇಲೆ ಕೂರುವ ಪುಟ್ಟ ತೋಳು) ಕೂರುವ ಹಲ್ಲು ಎಷ್ಟು ಅಂತ ನೋಡಿ ಕೊಳ್ಳಿ. 23, 24, 25 ಹಲ್ಲಿನವು ಇವೆ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ಸರ್ವೋಗೆ ತಾಗದಂತೆ ತಡೆಯುವ ಸರ್ವೋ ಸೇವರ್ ತೆಗೆಯಬೇಡಿ.

ಅಂಗಡಿಯವರು ಬಣ್ಣಬಣ್ಣದ ಅಲ್ಯೂಮಿನಿಯಂ ಆರ್ಮ್ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ತೋರಿಸುತ್ತಾರೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಕಲ್ಲಿಗೆ ಹೊಡೆದಾಗ ನೈಲಾನ್ ಆರ್ಮ್ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿದ ಹಾಗೇ ಉಳಿಯುತ್ತದೆ. ಬಾಗದಿದ್ದರೆ ಆ ಪೆಟ್ಟು ಒಳಗಿನ ಚಾಸಿಗೋ ಗೇರ್‌ಬಾಕ್ಸಿಗೋ ಹೋಗುತ್ತದೆ. ಒಂದು ಆರ್ಮ್ ಮುರಿದರೆ ಹೊಸದು ಹಾಕುವುದು ಸುಲಭ, ಗೇರ್‌ಬಾಕ್ಸ್ ಒಡೆದರೆ ಇಡೀ ಗಾಡಿ ಬಿಚ್ಚಬೇಕು. ಗಟ್ಟಿ ಆರ್ಮ್ ಬೇಕೇ ಬೇಕು ಅಂದರೆ ಆರ್‌ಪಿಎಂ ಕಂಪನಿಯದ್ದರ ಥರದ ಒಳ್ಳೆಯ ನೈಲಾನ್ ನೋಡಿ. ಲೋಹಕ್ಕೆ ಅರ್ಥವಿರುವ ಜಾಗಗಳು ಬೇರೆ: ಮೋಟಾರ್ ಮೌಂಟ್, ಶಾಕ್ ಮುಚ್ಚಳ, ಚಕ್ರ ಕೂರುವ ಆರು ಮೂಲೆಯ ಹೆಕ್ಸ್. ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಪ್ಲಾಸ್ಟಿಕ್ಕಿಗೆ ಬೇಡ.

ಇಷ್ಟಾದ ಮೇಲೆ ಬ್ಯಾಟರಿ. ಮೋಟಾರ್ ಬದಲಾಯಿಸದೆ ಬರೀ 2ಎಸ್ ಲಿಪೋ, ಅಂದರೆ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ, ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ವೋಲ್ಟೇಜ್ ಹೆಸರಿಗೆ 7.4, ಪೂರ್ತಿ ತುಂಬಿದಾಗ 8.4. ಜೋರಾಗಿ ಥ್ರಾಟಲ್ ಒತ್ತಿದಾಗ ನಿಕಲ್ ಬ್ಯಾಟರಿಯಷ್ಟು ಕುಸಿಯಲ್ಲ. ತೂಕವೂ ಕಡಿಮೆ. ಆದರೆ ಹಾಕುವ ಮೊದಲು ನಿಮ್ಮ ಇಎಸ್‌ಸಿಗೆ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಲಿಪೋ ಕಟ್-ಆಫ್, ಅಂದರೆ ವೋಲ್ಟೇಜ್ ಇಳಿದಾಗ ತಾನಾಗಿ ಮೋಟಾರ್ ನಿಲ್ಲಿಸುವ ವ್ಯವಸ್ಥೆ, ಇದೆಯಾ ನೋಡಿ. ಹಾಬಿವಿಂಗ್ ಕ್ವಿಕ್‌ರನ್ 1060 ಥರದವುಗಳಲ್ಲಿ ಸಣ್ಣ ಜಂಪರ್ ಬದಲಿಸಿ ಲಿಪೋಗೆ ಇಡಬೇಕು. ಕಟ್-ಆಫ್ ಇಲ್ಲದೆ ಓಡಿಸಿದರೆ ಸೆಲ್ 3 ವೋಲ್ಟಿಗಿಂತ ಕೆಳಗಿಳಿದು ಹಾಳಾಗುತ್ತದೆ.

ಲಿಪೋ ಚಾರ್ಜಿಂಗ್ ಬಗ್ಗೆ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ, ನೀವೂ ಹಾಗೇ ಪಾಲಿಸಿ. ಎಲ್ಲ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಇಲ್ಲದೆ ಚಾರ್ಜ್ ಮಾಡಬೇಡಿ. 5000 ಎಂಎಎಚ್ ಬ್ಯಾಟರಿಗೆ 5 ಆಂಪಿಯರ್ ಮೀರಬೇಡಿ. ಫ್ಲ್ಯಾಟಿನಲ್ಲಿ ಇದ್ದರೆ ಬಾಲ್ಕನಿಯ ಟೈಲ್ಸ್ ನೆಲದ ಮೇಲೆ, ಮಣ್ಣಿನ ಕುಂಡದೊಳಗೆ ಇಟ್ಟು, ಹತ್ತಿರವೇ ಇರಿ. ಸೋಫಾ ಮೇಲೆ ಬೇಡ, ರಾತ್ರಿ ಹಾಕಿ ಮಲಗುವುದಂತೂ ಬೇಡವೇ ಬೇಡ. ಓಡಿಸದ ದಿನಗಳಲ್ಲಿ ಒಂದೊಂದು ಸೆಲ್ಲನ್ನೂ 3.8 ವೋಲ್ಟಿನ ಸುತ್ತ ಇಡಿ, ಚಾರ್ಜರ್‌ನಲ್ಲಿ ಸ್ಟೋರೇಜ್ ಅಂತ ಆಯ್ಕೆ ಇರುತ್ತದೆ. ಊದಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಮನೆ ಕಸಕ್ಕೂ ಹಾಕಬೇಡಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದೂ ಅಪಾಯವೇ.

ಈಗ ಬ್ರಷ್‌ಲೆಸ್. ನಾನು ಅದಕ್ಕೆ ವಿರೋಧಿ ಅಲ್ಲ. ನಮ್ಮ ಧೂಳಿಗೆ ಅದು ಒಳ್ಳೆಯದೇ. ಬ್ರಷ್ ಮೋಟಾರಿನ ತೂತುಗಳಿಂದ ಧೂಳು ಒಳಹೋಗಿ ಬ್ರಷ್ಷನ್ನೂ ಅದು ಉಜ್ಜುವ ಕಮ್ಯುಟೇಟರನ್ನೂ ಸವೆಸುತ್ತದೆ. ಬ್ರಷ್‌ಲೆಸ್‌ನಲ್ಲಿ ಹಾಗೆ ಉಜ್ಜುವ ಬ್ರಷ್ಷೇ ಇಲ್ಲ. ಹಾಕಿ, ಆದರೆ 2ಎಸ್‌ನಲ್ಲೇ ಶುರು ಮಾಡಿ. ಲೆಕ್ಕ ನೋಡಿ: 3300 ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. 7.4 ವೋಲ್ಟಿಗೆ 24,420 ಸುತ್ತು. ಒಟ್ಟು ಗೇರ್ ಅನುಪಾತ 10, ಟೈರಿನ ಅಡ್ಡಳತೆ 110 ಮಿ.ಮೀ. ಅಂತ ಇಟ್ಟುಕೊಂಡರೆ ಗಂಟೆಗೆ ಸುಮಾರು 50 ಕಿ.ಮೀ. ಬರುತ್ತದೆ. ಅದೇ ಗೇರಿನಲ್ಲಿ 3ಎಸ್ ಹಾಕಿದರೆ 76. ನಿಜವಾಗಿ ನೆಲದ ಮೇಲೆ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಆದರೂ ಒರಟು ಮಣ್ಣಿನಲ್ಲಿ ಎರಡು ಚಕ್ರಕ್ಕೆ ಮಾತ್ರ ಎಳೆತ ಇರುವ ಗಾಡಿಗೆ 50 ಅಂದರೆ ಧಾರಾಳ.

ಮೊದಲ ಸಲ ಸಣ್ಣ ಪಿನಿಯನ್ (ಮೋಟಾರ್ ಮೇಲಿನ ಚಿಕ್ಕ ಗೇರ್) ಹಾಕಿ ಓಡಿಸಿ. ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಗೇರ್ ಆದ ಸ್ಪರ್ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ, ಮೋಟಾರ್ ಸ್ಕ್ರೂ ಬಿಗಿ ಮಾಡಿ, ಕಾಗದ ತೆಗೆಯಿರಿ. ಹಲ್ಲುಗಳ ನಡುವೆ ಬೇಕಾದಷ್ಟೇ ಸಂದಿ ಸಿಗುತ್ತದೆ. ಐದು ನಿಮಿಷ ಓಡಿಸಿ ಮೋಟಾರಿನ ಬಿಸಿ ನೋಡಿ. 80 ಡಿಗ್ರಿ ದಾಟಬಾರದು. ಏಪ್ರಿಲ್ ಮಧ್ಯಾಹ್ನದಲ್ಲಿ ಇದು ಬೇಗ ಏರುತ್ತದೆ, ಆಗ ಒಂದು ಹಲ್ಲು ಕಡಿಮೆ ಇರುವ ಪಿನಿಯನ್ ಹಾಕಿ. ಪೆಟ್ಟು ಬಿದ್ದಾಗ ಜಾರಿ ಬಿಡುವ ಸ್ಲಿಪ್ಪರ್ ಕ್ಲಚ್ ಇದ್ದರೆ ಪೂರ್ತಿ ಬಿಗಿ ಮಾಡಬೇಡಿ, ಹೊರಡುವಾಗ ಒಂದೆರಡು ಅಡಿ ಜಾರುವಷ್ಟು ಸಡಿಲ ಇರಲಿ. ಗೇರ್‌ಬಾಕ್ಸನ್ನು ಕಾಯುವುದು ಅದೇ.

ವೇಗ ಹೆಚ್ಚಿಸುವಾಗ ಜಾಗದ ಬಗ್ಗೆ ಯೋಚಿಸಿ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಪೆಟ್ಟು ನಾಲ್ಕು ಪಟ್ಟು. ಖಾಲಿ ಲೇಔಟಿನಲ್ಲಿ ಗಾಡಿ ಇಳಿಸಿದ ತಕ್ಷಣ ಅಕ್ಕಪಕ್ಕದ ಮಕ್ಕಳು ಓಡಿ ಬರುತ್ತಾರೆ, ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಮಕ್ಕಳನ್ನು ನಿಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಳ್ಳಿ. ನಾಯಿ ಬಂದರೆ ಗಾಡಿ ನಿಲ್ಲಿಸಿಬಿಡಿ, ಓಡುವುದು ನಿಂತರೆ ಅದಕ್ಕೂ ಆಸಕ್ತಿ ಹೋಗುತ್ತದೆ. ಕೆರೆ ಏರಿ, ತುರಹಳ್ಳಿ ಕಾಡು ಇವೆಲ್ಲ ನಡೆಯುವವರಿಗೆ, ಹಕ್ಕಿಗಳಿಗೆ ಬಿಡೋಣ.

ದುಡ್ಡಿನಲ್ಲಿ ಸ್ವಲ್ಪ ಬಿಡಿಭಾಗಕ್ಕೆ ಇಟ್ಟುಕೊಳ್ಳಿ: ಒಂದು ಸ್ಪರ್ ಗೇರ್, ಮುಂದಿನ ಎರಡು ಆರ್ಮ್, ಒಂದಿಷ್ಟು ಬಾಡಿ ಕ್ಲಿಪ್. ಇವಿಲ್ಲದೆ ಭಾನುವಾರ ಬೆಳಗ್ಗೆ ಗಾಡಿ ಮೂಲೆಗೆ ಬಿತ್ತು ಅಂದರೆ ಪಾರ್ಸೆಲ್ ಬರುವವರೆಗೆ ಕಾಯಬೇಕು. ನಿಮ್ಮ ಗಾಡಿಯ ಮಾಡೆಲ್ ಯಾವುದು, ಸ್ಪರ್‌ನಲ್ಲಿ ಎಷ್ಟು ಹಲ್ಲಿದೆ ಅಂತ ತಿಳಿಸಿ. ಯಾವ ಪಿನಿಯನ್ ಹಾಕಬೇಕು, ಎಲ್ಲೆಲ್ಲಿ ಯಾವ ಅಳತೆಯ ಬೇರಿಂಗ್ ಬೇಕು ಅಂತ ಕೂತು ಲೆಕ್ಕ ಹಾಕಿ ಹೇಳುತ್ತೇನೆ.