ಫೈಬ್ರೊಮಯಾಲ್ಜಿಯ ಜೊತೆ ಈಗ ಕೈ ನಡುಕವೂ ಶುರುವಾಗಿದೆ, ಹೇಗೆ ನಿಭಾಯಿಸಲಿ?

ಆರು ವರ್ಷದಿಂದ ಫೈಬ್ರೊಮಯಾಲ್ಜಿಯ (ಮೈಯೆಲ್ಲ ನೋವು, ಸುಸ್ತು ಬಹುಕಾಲ ಕಾಡುವ ಕಾಯಿಲೆ) ಇದೆ, ಎರಡು ತಿಂಗಳಿಂದ ಕೈ ನಡುಗುತ್ತಿದೆ, ನಡೆಯುವಾಗ ಕಾಲು ಎಳೆದ ಹಾಗೆ ಆಗುತ್ತದೆ, ಡಾಕ್ಟರು "ಎಲ್ಲ ಅದರದ್ದೇ" ಅಂದರು ಅಂತ ಬರೆದಿದ್ದೀರಿ. ನಿಭಾಯಿಸುವ ಮಾತು ಆಮೇಲೆ. ಮೊದಲು ನೀವು ತೆಗೆದುಕೊಳ್ಳುತ್ತಿರುವ ಅಷ್ಟೂ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಗ್ಯಾಸ್ ಮಾತ್ರೆಯನ್ನೂ ಚೀಲಕ್ಕೆ ಹಾಕಲು ಮರೆಯಬೇಡಿ.

ಗ್ಯಾಸ್ ಮಾತ್ರೆ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನನಗೆ ಆಗಿದ್ದೇ ಅದರಿಂದ. ಮೈ ಕೈ ನೋವಿನ ಮಾತ್ರೆ ತಿಂದು ತಿಂದು ಹೊಟ್ಟೆ ಉಬ್ಬರ ಜಾಸ್ತಿಯಾಗಿತ್ತು. ಒಬ್ಬ ಡಾಕ್ಟರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಂತ ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಆರಾಮ ಅನ್ನಿಸಿತು, ಅದೇ ಚೀಟಿ ತೋರಿಸಿ ಏಳೆಂಟು ತಿಂಗಳು ತಗೊಂಡೆ. ಒಂದು ಸಂಜೆ ದೇವರ ದೀಪ ಹಚ್ಚಲು ಕೂತರೆ ಕಡ್ಡಿ ಬತ್ತಿಗೆ ತಾಗುತ್ತಲೇ ಇಲ್ಲ. ಮೂರು ಕಡ್ಡಿ ಆರಿದವು. ಕೊನೆಗೆ ಮಗಳು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡು ಹಚ್ಚಿಸಿದಳು. ಅಮ್ಮಾ, ನೀನು ಈಚೆಗೆ ಚಪ್ಪಲಿ ಎಳೆದುಕೊಂಡು ನಡೀತೀಯ ಅಂತ ಅವಳೇ ಅಂದದ್ದು. ನಾನು ನೋವಿಗೆ ಅಂದುಕೊಂಡಿದ್ದೆ.

ನರರೋಗ ತಜ್ಞರು ಹೆಬ್ಬೆರಳಿಗೆ ತೋರುಬೆರಳು ತಟ್ಟಲು ಹೇಳಿದರು, ಹತ್ತು ಸಲ ತಟ್ಟುವಷ್ಟರಲ್ಲಿ ಬೆರಳು ಸೋತುಹೋಯಿತು. ಒಂದು ಸಾಲು ಬರೆಸಿದರು, ಸಾಲಿನ ಕೊನೆಗೆ ಬರುವಾಗ ಅಕ್ಷರ ಇರುವೆಯಷ್ಟಾಗಿತ್ತು. ಆಮೇಲೆ ಚೀಲ ಬಿಚ್ಚಿ ಒಂದೊಂದೇ ಮಾತ್ರೆ ಓದುತ್ತಾ ಆ ಕ್ಯಾಪ್ಸೂಲ್ ಎತ್ತಿ ಪಕ್ಕಕ್ಕಿಟ್ಟರು. ಹೊಟ್ಟೆಯ ಆಸಿಡ್ ಇಳಿಸುವ ರಾಬೆಪ್ರಜೋಲ್ ಜೊತೆ, ಹೊಟ್ಟೆ ಉಬ್ಬರಕ್ಕೆ ಕೊಡುವ ಲೆವೊಸಲ್ಪಿರೈಡ್ ಸೇರಿಸಿದ್ದು. ಈ ಲೆವೊಸಲ್ಪಿರೈಡ್ ಮೆದುಳಿನಲ್ಲಿ ಕೈಕಾಲಿನ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮೈನ್ ಅನ್ನೋ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ, ಹಾಗಾಗಿ ಪಾರ್ಕಿನ್ಸನ್ ಕಾಯಿಲೆ ತರಹವೇ ನಡುಕ, ಬಿಗಿತ, ನಿಧಾನ ಎಲ್ಲ ಬರಬಹುದು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲೂನರಿಜಿನ್ ಕೂಡ ಇದೇ ಕೆಲಸ ಮಾಡಬಹುದು. ಫೈಬ್ರೊಮಯಾಲ್ಜಿಯ ಇರುವ ನಮ್ಮಂಥವರಿಗೆ ತಲೆನೋವು, ಹೊಟ್ಟೆ ತೊಂದರೆ ಎರಡೂ ಹೆಚ್ಚಾಗಿ ಇರುತ್ತವೆ, ಅಲ್ವಾ? ಅದಕ್ಕೇ ಭಯ. ಅವರು ಹೇಳಿದ ಮೇಲೆ ಅದನ್ನು ನಿಲ್ಲಿಸಿದೆ, ಕೈ ಪೂರ್ತಿ ಹತೋಟಿಗೆ ಬರಲು ನಾಲ್ಕು ತಿಂಗಳು ಬೇಕಾಯಿತು.

ನಿಮ್ಮದೂ ಇದೇ ಅಂತ ನಾನು ಹೇಳುತ್ತಿಲ್ಲ. ಫೈಬ್ರೊಮಯಾಲ್ಜಿಯಕ್ಕೇ ಕೊಡುವ ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್, ಪ್ರಿಗ್ಯಾಬಲಿನ್‌ನಿಂದಲೂ ನಡುಕ ಬರಬಹುದು. ಥೈರಾಯ್ಡ್ ಜಾಸ್ತಿಯಾದರೂ ಕೈ ನಡುಗುತ್ತದೆ. ವಿಟಮಿನ್ ಬಿ12 ಕಡಿಮೆಯಾದರೆ ನಡಿಗೆ ತಪ್ಪಬಹುದು, ಸಸ್ಯಾಹಾರಿಗಳಾಗಿದ್ದರೆ ಅದರ ರಕ್ತ ಪರೀಕ್ಷೆ ಕೇಳಿ ಮಾಡಿಸಿ. ನಿಜವಾದ ಪಾರ್ಕಿನ್ಸನ್ ಆಗಿದ್ದರೂ ಬೇಗ ಗೊತ್ತಾಗುವುದೇ ಒಳ್ಳೆಯದು. ಆದರೆ ದಯವಿಟ್ಟು ಯಾವ ಮಾತ್ರೆಯನ್ನೂ ನೀವೇ ದಿಢೀರ್ ಅಂತ ಬಿಡಬೇಡಿ, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಒಮ್ಮೆಗೇ ಬಿಟ್ಟರೆ ಬೇರೆ ಪೇಚಾಟ ಶುರುವಾಗುತ್ತದೆ. ಡುಲೋಕ್ಸೆಟಿನ್ ಜೊತೆ ನೋವಿನ ಮಾತ್ರೆ ಟ್ರಮಡಾಲ್ ತಗೊಳ್ಳುತ್ತಿದ್ದು ನಡುಕದ ಜೊತೆ ಜ್ವರ, ಬೆವರು, ಗಲಿಬಿಲಿ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಮೂತ್ರ ಹಿಡಿದುಕೊಳ್ಳಲು ಆಗದಿದ್ದರೂ ಹಾಗೇ.

ಅಲ್ಲಿಯವರೆಗೆ ದಿನ ದೂಡಲು ನನಗೆ ಆಸರೆಯಾದವು ಸಣ್ಣ ಸಣ್ಣವು. ತೆಳು ಲೋಟ ಬಿಟ್ಟು ಭಾರದ ಲೋಟದಲ್ಲಿ ಅರ್ಧ ಮಾತ್ರ ಕಾಫಿ, ಮೊಣಕೈ ಮೇಜಿನ ಮೇಲೆ ಊರಿ ಕುಡಿಯುವುದು. ಕಾಫಿ ದಿನಕ್ಕೆ ಮೂರಿದ್ದದ್ದು ಒಂದಕ್ಕೆ ಇಳಿಸಿದೆ. ತರಕಾರಿ ಹೆಚ್ಚುವುದನ್ನು ಈಳಿಗೆ ಬಿಟ್ಟು ಮಗಳಿಗೆ ವಹಿಸಿದೆ, ಬಚ್ಚಲಲ್ಲಿ ಸ್ಟೂಲ್ ಹಾಕಿಸಿದೆ. ನಿದ್ದೆ ಕೆಟ್ಟ ಮಾರನೇ ದಿನ ನಡುಕ ಜಾಸ್ತಿ, ಆ ದಿನ ಬ್ಯಾಂಕಿನ ಸಹಿ ಗಿಹಿ ಇಟ್ಟುಕೊಳ್ಳುತ್ತಿರಲಿಲ್ಲ.

ಇನ್ನೊಂದು, ನಡುಕ ಬಂದಾಗ ಮನೆಯವರ ಹತ್ತಿರ ಮೊಬೈಲಲ್ಲಿ ವಿಡಿಯೊ ಮಾಡಿಸಿಡಿ, ಡಾಕ್ಟರ ಎದುರು ಕೂತಾಗ ಎಷ್ಟೋ ಸಲ ಅದು ಕಾಣಿಸಿಕೊಳ್ಳುವುದೇ ಇಲ್ಲ. ಒಂದು ಕೈಗೋ ಎರಡಕ್ಕೋ, ಸುಮ್ನೆ ಕೂತಾಗಲೋ ಲೋಟ ಹಿಡಿದಾಗಲೋ, ಯಾವ ಮಾತ್ರೆ ಶುರುವಾದ ಮೇಲೋ, ಇಷ್ಟನ್ನು ಬರೆದಿಟ್ಟುಕೊಂಡು ಹೋಗಿ. ನನ್ನನ್ನು ಅವರು ಮೊದಲು ಕೇಳಿದ್ದು ಇದನ್ನೇ.