ಗೂಡು ಅಲುಗಿಸಿ ನೋಡಿದಿರಾ?

ಶಿಡ್ಲಘಟ್ಟದಿಂದ ಓದುಗರೊಬ್ಬರು ಬರೆದಿದ್ದಾರೆ. ರೇಷ್ಮೆ ನೂಲು ತೆಗೆಯುವ ಮನೆತನ, ಹೆಸರು ಹಾಕಬೇಡಿ ಎಂದಿದ್ದಾರೆ. ಹೊರದೇಶದ ಹೊಸ ಚಿಪ್ ಕಂಪನಿಯೊಂದರ ಷೇರು ಕೊಂಡು ಮೂರು ವರ್ಷವಾಯಿತಂತೆ. ಬೆಲೆ ಕಾಲು ಭಾಗಕ್ಕೆ ಇಳಿದಿದೆ. ಇಳಿದಾಗಲೆಲ್ಲ ಇನ್ನಷ್ಟು ಕೊಂಡು ‘ಆವರೇಜ್’ ಮಾಡಿದ್ದಾರೆ, ಅಂದರೆ ಕೊಂಡ ಸರಾಸರಿ ಬೆಲೆ ತಗ್ಗಿಸಿದ್ದಾರೆ. “ತಂತ್ರಜ್ಞಾನ ಅದ್ಭುತ. ನಮ್ಮಂಥ ಸಣ್ಣ ಹೂಡಿಕೆದಾರರ ನಂಬಿಕೆ ಕದಲಿಲ್ಲ. ಮನೆಯಾಕೆ ಮಾತ್ರ, ಇದುವರೆಗೆ ಎಷ್ಟು ಚಿಪ್ ಮಾರಿದ್ದಾರೆ ಅಂತ ದಿನಾ ಕೇಳುತ್ತಾಳೆ. ನೀವೇ ಆಕೆಗೆ ಬುದ್ಧಿ ಹೇಳಿ.”

ಸ್ವಾಮಿ, ನಾನು ಆಕೆಯ ಕಡೆ.

ನಿಮ್ಮ ತಾಳ್ಮೆಗೊಂದು ನಮಸ್ಕಾರ ಹಾಕಿಯೇ ಮುಂದೆ ಹೋಗುತ್ತೇನೆ. ಚಿಪ್ ಕೆಲಸ ನಿಧಾನದ್ದು ನಿಜ. ನಕ್ಷೆಯಲ್ಲಿದ್ದದ್ದು ಕಾರಿನೊಳಗೆ ಕೂರಲು ವರ್ಷಗಳೇ ಬೇಕು. ಇಂದು ಜಗತ್ತಿನ ದೊಡ್ಡ ಚಿಪ್ ಕಂಪನಿಗಳಲ್ಲೊಂದಾದ ಎನ್‌ವಿಡಿಯಾದ ಷೇರು 1999ರಲ್ಲಿ 12 ಡಾಲರಿಗೆ ಮಾರುಕಟ್ಟೆಗೆ ಬಂತು ಎಂದು ನೀವು ನೆನಪಿಸಿದ್ದೀರಿ. ಸರಿ, ಒಪ್ಪಿದೆ.

ಆದರೆ ಟ್ರಾನ್ಸ್‌ಮೆಟಾ ಹೆಸರು ಕೇಳಿದ್ದೀರಾ? ಕಡಿಮೆ ಕರೆಂಟಿನಲ್ಲಿ ಓಡುವ ಚಿಪ್ ಮಾಡುತ್ತೇವೆಂದು ಹೊರಟ ಅಮೆರಿಕದ ಕಂಪನಿ. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಬರೆದ ಲಿನಸ್ ಟೋರ್ವಾಲ್ಡ್ಸ್ ಅಲ್ಲೇ ಕೆಲಸಕ್ಕಿದ್ದರು. 2000ದ ನವೆಂಬರಿನಲ್ಲಿ 21 ಡಾಲರಿಗೆ ಕೊಟ್ಟ ಷೇರು ಮೊದಲ ದಿನವೇ ದುಪ್ಪಟ್ಟು ದಾಟಿತು. 2009ರಲ್ಲಿ ಕಂಪನಿಯನ್ನೇ ಬೇರೆಯವರಿಗೆ ಮಾರಿದರು. ಅವರ ಯೋಚನೆ ಸುಳ್ಳಾಗಿರಲಿಲ್ಲ. ಇವತ್ತು ನಿಮ್ಮ ಜೇಬಿನ ಫೋನು ಬದುಕಿರುವುದೇ ಕಡಿಮೆ ಕರೆಂಟಿನ ಚಿಪ್ಪಿನಿಂದ. ದುಡ್ಡು ಮಾತ್ರ ಬೇರೆಯವರ ಪಾಲಾಯಿತು. ಅದ್ಭುತ ಎನ್ನುತ್ತೀರಲ್ಲ, ಅದು ಚಿಪ್ಪಿನ ಮಾತೋ ಷೇರಿನ ಮಾತೋ?

ನೀವು ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಹೇಗೆ ಕೊಳ್ಳುತ್ತೀರಿ, ಹೇಳಿ. ಅಲುಗಿಸಿ ನೋಡುತ್ತೀರಿ. ಕತ್ತರಿಸಿ ಹುಳ ನೋಡುತ್ತೀರಿ. ಎಷ್ಟು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಬಂದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಆಮೇಲೆ ಬೆಲೆ ಹಾಕುತ್ತೀರಿ. ನಿಮ್ಮ ಮನೆಯಾಕೆ ಕೇಳುತ್ತಿರುವುದೂ ಅದನ್ನೇ ಅಲ್ವಾ? ಇನ್ನೊಂದು ಮಾತು. ಮಾರಾಟವಿಲ್ಲದ ಕಂಪನಿ ಸಂಬಳ ಕೊಡುವುದು ಎಲ್ಲಿಂದ? ಹೆಚ್ಚಾಗಿ ಹೊಸ ಷೇರು ಮಾರಿ. ಆಗ ಕಂಪನಿಯಲ್ಲಿ ನಿಮ್ಮ ಪಾಲು ತೆಳುವಾಗುತ್ತದೆ. ಮಜ್ಜಿಗೆಗೆ ನೀರು ಬೀಳುತ್ತಲೇ ಇರುತ್ತದೆ, ನಿಮ್ಮ ಲೋಟ ಮಾತ್ರ ಅಷ್ಟೇ ಇರುತ್ತದೆ.

ಈ ಕಥೆ ನಮ್ಮ ಸೀಮೆಗೆ ಹೊಸದಲ್ಲ, ಆಗ ದಿಕ್ಕು ತಿರುಗುಮುರುಗು ಇತ್ತು ಅಷ್ಟೆ. ಕೋಲಾರದ ನೆಲ ಕಾಣದ ಲಂಡನ್ ಜನ ಕೋಲಾರದ ಗುಂಡಿಗೆ ದುಡ್ಡು ಸುರಿದರು. 1880ರಲ್ಲಿ ಹುಟ್ಟಿದ ಮೈಸೂರು ಗಣಿ ಕಂಪನಿಯ ಹಣ ಕೆಲವೇ ವರ್ಷಗಳಲ್ಲಿ ತಳ ಕಂಡಿತು. ಮುಚ್ಚಿಬಿಡೋಣ ಎಂದರು ಷೇರುದಾರರು. ಗಣಿ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು, ಉಳಿದ ದುಡ್ಡಿನಲ್ಲಿ ಇನ್ನಷ್ಟು ಅಗೆಯೋಣ ಎಂದರು. ‘ಚಾಂಪಿಯನ್’ ಎಂಬ ಅದಿರಿನ ಸಾಲಿನ ಚಿನ್ನ ಸಿಕ್ಕಿತು. ‘ನೋಡಿ, ನಂಬಿಕೆ ಗೆದ್ದಿತು’ ಎನ್ನುತ್ತೀರಿ. ತಡೆಯಿರಿ. ಅದೇ ಕಾಲದಲ್ಲಿ ವೈನಾಡಿನಲ್ಲೂ ಚಿನ್ನವಿದೆ ಎಂದು ಹತ್ತಾರು ಕಂಪನಿಗಳು ಲಂಡನ್ನಿನಲ್ಲಿ ಷೇರು ಮಾರಿ ಮುಳುಗಿದವು. ಅಲ್ಲಿನ ಷೇರುದಾರರ ನಂಬಿಕೆ ಏನು ಕಡಿಮೆ ಇತ್ತಾ? ಅದಿರಿನಲ್ಲಿ ಚಿನ್ನ ಸಾಲದು, ಅಷ್ಟೆ. ಕೋಲಾರದಲ್ಲಿ ಸಿಕ್ಕಮೇಲೆ ಪ್ರತಿ ತಿಂಗಳೂ ಇಷ್ಟು ಔನ್ಸ್ ಎಂದು ಲಂಡನ್ನಿಗೆ ಲೆಕ್ಕ ಹೋಗುತ್ತಿತ್ತು.

ನಾನೇನು ಜಾಣನಲ್ಲ. ತೊಂಬತ್ತರ ದಶಕದಲ್ಲಿ ತೇಗದ ಗಿಡ ಬೆಳೆಸುವ ಕಂಪನಿಯೊಂದಕ್ಕೆ ಐದು ಸಾವಿರ ಕಟ್ಟಿದವನು. ವರ್ಷಕ್ಕೊಂದು ಗಿಡದ ಫೋಟೊ ಬರುತ್ತಿತ್ತು. ಮೂರನೇ ವರ್ಷ ಬಂದದ್ದು ಮೊದಲನೇ ವರ್ಷದ ಗಿಡವೇ, ಹಿಂದಿನ ಬೇಲಿ ಸಮೇತ. ಹೆಂಡತಿ ಹೇಳಿದಳು. ನಾನು ಕೇಳಲಿಲ್ಲ.

ತಪ್ಪು ನಿಮ್ಮೊಬ್ಬರದೇ ಅಲ್ಲ. ಕಂಪನಿ ಕಳಿಸಿದ ಪ್ರಕಟಣೆಯನ್ನು ಸುದ್ದಿ ಎಂದು ಅಚ್ಚು ಹಾಕುವ ನಮ್ಮ ಪತ್ರಿಕೆಯವರದೂ ಹೌದು. ‘ಒಪ್ಪಂದ’ ಎಂದರೆ ದಪ್ಪ ಅಕ್ಷರ, ನಷ್ಟದ ಲೆಕ್ಕ ಬಂದ ದಿನ ಜಾಗವಿಲ್ಲ. ವಾರ್ಷಿಕ ವರದಿ ನೂರಾರು ಪುಟದ ಇಂಗ್ಲಿಷು, ಕನ್ನಡದಲ್ಲಿ ಬಿಡಿಸಿ ಹೇಳುವವರಿಲ್ಲ. ಕೋಲಾರದ ಪಕ್ಕದ ನಮ್ಮ ನರಸಾಪುರದಲ್ಲಿ ಹುಡುಗಿಯರು ಐಫೋನು ಜೋಡಿಸುತ್ತಾರೆ, ಒಳಗಿನ ಚಿಪ್ಪು ಎಲ್ಲಿಂದಲೋ ಬರುತ್ತದೆ, ಲಾಭ ಎಲ್ಲಿಗೋ ಹೋಗುತ್ತದೆ. ಕೋಲಾರದ ಆ ಚಿನ್ನದ ಗಣಿ, ಕೆಜಿಎಫ್, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ಹೋಯಿತು, ಸೈನೈಡ್ ಮಣ್ಣಿನ ಗುಡ್ಡ ಉಳಿಯಿತು. ಗಾಳಿ ಎದ್ದರೆ ಆ ದೂಳು ಈಗಲೂ ಮನೆಯೊಳಗೆ ಬರುತ್ತದೆ.

ಮುಂದಿನ ಸಲ ಕಂಪನಿಯ ಲೆಕ್ಕ ಬಂದಾಗ ಮನೆಯಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರಾಟದ ಸಾಲು ಹುಡುಕಿ. ಸಿಕ್ಕಿದ್ದನ್ನು ನನಗೂ ಬರೆಯಿರಿ. ತೇಗದ ಫೋಟೊಗಳು ಇನ್ನೂ ನನ್ನ ಹತ್ತಿರ ಇವೆ. ಈ ಕಡೆ ಬಂದರೆ ತೋರಿಸುತ್ತೇನೆ.

– ಸಂ.